ನೀರಿನ ನಡುವೆ ನಿಂತಿದ್ದ ಹುಣಸೆಮರ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ನಮ್ಮೂರು ಎಲ್ಲಿ ಎಂದು ಯಾರಾದರೂ ಕೇಳಿದರೆ ದೊಡ್ಡ ಹುಣಸೆಮರವನ್ನು ತೋರಿಸುತ್ತಿದ್ದೆವು. ಕಪ್ಪು ಮಣ್ಣಿನ ಬಯಲಿನಲ್ಲಿ ಅದು ಬಹುದೂರದಿಂದಲೇ ಕಾಣುತ್ತಿತ್ತು. ಬಸ್ಸು ನಿಲ್ಲುತ್ತಿದ್ದದ್ದು ಅದರ ಕೆಳಗೆ. ಹಿರಿಯರು ಸೇರಿ ನ್ಯಾಯ ಹೇಳುತ್ತಿದ್ದದ್ದೂ ಅಲ್ಲೇ.

ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಮಳೆಗಾಲದೊಳಗೆ ನಮ್ಮೂರು ಮುಳುಗುವುದಿತ್ತು. ನಾವು ಊರು ಬಿಟ್ಟ ದಿನ ಬೆಳಿಗ್ಗೆಯಿಂದಲೇ ಕೊಡಲಿಯ ಸದ್ದು. ಮುಳುಗುವ ಮರಗಳನ್ನೆಲ್ಲ ಗುತ್ತಿಗೆದಾರನೊಬ್ಬ ಕಡಿಸುತ್ತಿದ್ದ. ಹಸಿ ಬೇವಿನ ಕಹಿ ವಾಸನೆ ಊರೆಲ್ಲ ತುಂಬಿತ್ತು. ಬಾಗಿಲು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದೆವು. ಮನೆಯೆಂದರೆ ಬರೀ ಮಣ್ಣಿನ ಗೋಡೆ. ಆದರೂ ಅಕ್ಕ ನೆಲ ಗುಡಿಸಿ, ಸಾರಿಸಿ, ಬಾಗಿಲಿಲ್ಲದ ಹೊಸ್ತಿಲಿಗೆ ರಂಗೋಲಿ ಹಾಕಿದಳು.

ಆಳುಗಳು ಹುಣಸೆಮರದ ಹತ್ತಿರ ಬಂದಾಗ ಅಪ್ಪ ಅಡ್ಡ ಹೋಗಿ ನಿಂತ. ಹೇಗಿದ್ದರೂ ನೀರಲ್ಲಿ ಕೊಳೆಯುವ ಮರ, ಬಿಟ್ಟು ಏನು ಲಾಭ ಎಂದ ಗುತ್ತಿಗೆದಾರ. ಅಪ್ಪ ಯಾರ ಮುಂದಾದರೂ ಕೈಮುಗಿದು ಬೇಡಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

"ನೀರು ಬಂದ ಮ್ಯಾಲೆ ನಮ್ಮೂರು ಇಲ್ಲಿತ್ತು ಅಂತ ಹೇಳಾಕ ಇದೊಂದ ಉಳೀತೈತ್ರಿ. ಒಣಗಿದ್ರೂ ಚಿಂತಿಲ್ಲ, ನಿಂತಿರಲಿ."

ಗುತ್ತಿಗೆದಾರ ಮರವನ್ನೊಮ್ಮೆ ನೋಡಿ, ಆಳುಗಳನ್ನು ಬೇರೆ ಕಡೆಗೆ ಕಳಿಸಿದ. ಟ್ರ್ಯಾಕ್ಟರು ಹೊರಟಾಗ ಅಕ್ಕ ಮರ ಮರೆಯಾಗುವವರೆಗೂ ತಿರುಗಿ ನೋಡಿದಳು. ಅಪ್ಪ ಒಮ್ಮೆಯೂ ನೋಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಪ್ಪ ನಮ್ಮನ್ನು ದೋಣಿಯಲ್ಲಿ ಕರೆದೊಯ್ದ. ಎಲೆಯಿಲ್ಲದ ಬೂದು ಕೊಂಬೆಗಳು ನೀರಿನ ಮೇಲೆ ನಿಂತಿದ್ದವು. ಅವುಗಳಿಂದಲೇ ಅಳತೆ ಹಿಡಿದು ಅಪ್ಪ ನಮ್ಮ ಬೀದಿ, ನಮ್ಮ ಮನೆ ಎಂದು ಬೆರಳು ತೋರಿಸಿದ. ಅಕ್ಕ ನೀರಿಗೆ ಕೈ ಇಳಿಬಿಟ್ಟು ಕುಳಿತಳು. ಕೆಲವು ವರ್ಷಗಳಲ್ಲಿ ಆ ಕೊಂಬೆಗಳೂ ಬಿದ್ದುಹೋದವು. ಅಪ್ಪ ಮತ್ತೆ ಆ ಕಡೆ ಹೋಗಲಿಲ್ಲ.

ಮಕ್ಕಳೇ, ಸ್ವೀಡನ್ನಿನ ಈ ಮೋಲ್ನ್‌ಡಾಲ್‌ನಲ್ಲಿ ನಿಮ್ಮ ಶಾಲೆಯ ಹಿಂದೆ ಒಂದು ಮುದಿ ಓಕ್ ಮರವಿದೆ. ಅದರ ಬೇರಿಗೆ ಪೆಟ್ಟಾಗಬಾರದೆಂದು ಸೈಕಲ್ ದಾರಿಯನ್ನೇ ಸುತ್ತುಬಳಸಿ ಹಾಕಿದ್ದಾರೆ. ನೀವು ಮುದುಕರಾಗಿ ಬಂದರೂ ನಿಮ್ಮ ಮೊಮ್ಮಕ್ಕಳಿಗೆ ಅದನ್ನು ಮುಟ್ಟಿ ತೋರಿಸಬಹುದು. ನಿನ್ನೆ ನೀವು ಫೋನಿನ ನಕ್ಷೆ ತೆರೆದು ನಿನ್ನ ಊರು ತೋರಿಸು ಎಂದಿರಿ. ಎಷ್ಟು ಹಿಗ್ಗಿಸಿದರೂ ಪರದೆಯ ತುಂಬ ನೀಲಿ ಬಣ್ಣವೇ. ಇದು ಕೆರೆಯಲ್ಲವೇ ಎಂದು ಚಿಕ್ಕವಳು ಸ್ವೀಡಿಷ್‌ನಲ್ಲಿ ಕೇಳಿದಳು. ಹೌದು ಎಂದೆ.