ಅಂಗೈಯ ದೇವರಿಗೆ ಅವ್ವನ ಪ್ರಶ್ನೆ

ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಅವ್ವ ಅದನ್ನು ಬೈಯುತ್ತಿದ್ದಳು. "ಏನ್ ತಪ್ಪ ಮಾಡಿತ್ತು ನನ್ನ ಕೂಸು? ಯಾಕ ಒಯ್ದಿ, ಹೇಳು!"

ನಿಜಾಮರ ಕಾಲ. ಕಲ್ಯಾಣದಲ್ಲಿ ಕಾಲರಾ ಬಂದು, ನನ್ನ ತಮ್ಮನನ್ನು ಹಿಂದಿನ ದಿನವಷ್ಟೇ ಮಣ್ಣು ಮಾಡಿದ್ದೆವು. ಜಡ್ಡಿನ ಸುದ್ದಿ ತಿಳಿದು ನಾನು ಹುಮನಾಬಾದಿನ ಗಂಡನ ಮನೆಯಿಂದ ಓಡಿ ಬಂದಿದ್ದೆ. ಸಮಾಧಾನ ಹೇಳಲು ಬಂದಿದ್ದ ಮಠದ ಅಯ್ಯನವರು ಗಾಬರಿಯಾದರು. "ದೇವರಿಗಿ ಹಂಗ ಕೇಳಬಾರದವ್ವಾ. ಎಲ್ಲಾ ನಮ್ಮ ಛಲೋಕ್ಕೇ ಮಾಡ್ತಾನ."

"ಇದ್ರಾಗ ಏನ್ ಛಲೋ ಅದರಿ? ನನ್ನ ಅಂಗೈಯಾಗ ಕುಂತಾನ. ನಾ ಕೇಳಲಾರ್ದ ಮತ್ಯಾರು ಕೇಳಬೇಕ್ರಿ?" ಎಂದಳು ಅವ್ವ.

ಗೋಡೆಯಾಚೆಯ ಮನೆಯಲ್ಲಿ ಫಾತಿಮಾಬಿ ಮತ್ತು ಅವಳ ಮಗಳು ಅದೇ ಬೇನೆಯಿಂದ ನರಳುತ್ತಿದ್ದರು. ಹೆದರಿ ಯಾರೂ ಆ ಹೊಸ್ತಿಲು ತುಳಿದಿರಲಿಲ್ಲ. ಅವ್ವ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ತಂಬಿಗೆಯ ತುಂಬ ಉಪ್ಪು ಬೆರೆಸಿದ ಗಂಜಿ ತುಂಬಿಕೊಂಡು ಎದ್ದಳು. ನಾನು ಸೆರಗು ಹಿಡಿದೆ.

"ಬಿಡು. ಅಂವ ಜವಾಬು ಕೊಡೋತನಕ ಅವರಿಗಿ ಗಂಜಿ ಕುಡಿಸೋರು ಯಾರು?"

ಮಗಳು ಬದುಕಿದಳು, ಫಾತಿಮಾಬಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಅವಳ ಪರವಾಗಿಯೂ ಅಂಗೈಯ ದೇವರನ್ನು ಕೇಳಿದಳು. ಆಮೇಲೆ ಮತ್ತೆ ತಂಬಿಗೆ ಹಿಡಿದು ಮುಂದಿನ ಓಣಿಗೆ ಹೋದಳು.

ಒಳ್ಳೆಯ ದೇವರು ಇಷ್ಟು ಕಷ್ಟ ಯಾಕೆ ಕೊಡುತ್ತಾನೆ ಎಂದು ಮೊಮ್ಮಕ್ಕಳು ಕೇಳಿದರೆ, ಅವನನ್ನು ಅಂಗೈ ಮೇಲೆ ಕೂರಿಸಿಕೊಂಡು ಕೇಳಿದವಳ ಮಗಳು ನಾನು ಎಂದು ತಲೆ ಎತ್ತಿ ಹೇಳುತ್ತೇನೆ.