ಅಮಾತೆಪ್ಪನ ಹೆಸರಿನ ಸೀಸೆ

ವಿದ್ಯಾಗಿರಿಯ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದ ಅಮಾತೆಪ್ಪನ ಮುದಿ ನಾಯಿ ಕಾಳ್ಯಾ ೧೯೮೨ರಲ್ಲಿ ಬಕೆಟ್‌ಗಟ್ಟಲೆ ನೀರು ಕುಡಿದು ಗಳಿಗೆಗೊಮ್ಮೆ ಉಚ್ಚೆ ಹೊಯ್ಯತೊಡಗಿತು. ನಾಯಿಯ ಉಚ್ಚೆ ಪರೀಕ್ಷಿಸುವುದಿಲ್ಲವೆಂದು ದವಾಖಾನೆಯವರು ಹೇಳಿದ್ದರಿಂದ ಅವನು ಅದರ ಉಚ್ಚೆ ತುಂಬಿದ ಸೀಸೆಯ ಮೇಲೆ ತನ್ನ ಹೆಸರನ್ನೇ ಬರೆಸಿ ಕೊಟ್ಟ. ಅಮಾತೆಪ್ಪನಿಗೆ ಸಕ್ಕರೆ ರೋಗವಿದೆ ಎಂಬ ಚೀಟಿ ಹೆಂಡತಿ ಗುರುಲಿಂಗವ್ವನ ಕೈಗೆ ಸಿಕ್ಕಿತು.

ಅಂದು ಮನೆಯಲ್ಲಿ ಹೋಳಿಗೆ. ಅವಳು ಗಂಡನಿಗೆ ಬರೀ ರೊಟ್ಟಿ ಬಡಿಸಿ, ಅವನ ಪಾಲಿನ ಹೋಳಿಗೆಯನ್ನು ಕಾಳ್ಯಾನ ಮುಂದಿಟ್ಟಳು. ಅಮಾತೆಪ್ಪ ಎದ್ದು ಹೋಗಿ ನಾಯಿಯ ಬಾಯಿಂದ ಅದನ್ನು ಕಿತ್ತುಕೊಂಡ.

"ಸಕ್ಕರಿ ರೋಗ ನನಗಲ್ಲ, ಇದಕ್ಕ ಬಂದೈತಿ," ಎಂದ.

"ನಾಯಿಗೆ ಎಲ್ಲ್ಯರ ಸಕ್ಕರಿ ರೋಗ ಬರ್ತೈತೇನ್ರಿ? ಹೋಳಗಿ ಆಸೇಕ ಎಷ್ಟು ಸುಳ್ಳು ಹೇಳ್ತೀರಿ," ಎಂದು ಅವಳು ಅಳತೊಡಗಿದಳು.

ಅವಳು ಅದನ್ನು ಮತ್ತೆ ನಾಯಿಗೆ ಹಾಕುವ ಮೊದಲೇ ಅಮಾತೆಪ್ಪ ನಿಂತಲ್ಲೇ ತಿಂದು ಮುಗಿಸಿದ. ಅಂದಿನಿಂದ ಆ ಮನೆಯೊಳಗೆ ಬೆಲ್ಲವೇ ಬರಲಿಲ್ಲ. ನಾಯಿಯ ಮಟ್ಟಿಗೆ ಅದು ಒಳ್ಳೆಯದೇ ಆಯಿತು.