ಹೋಟೆಲಿನ ಗೋಡೆಯ ಮೇಲೆ ನಮ್ಮವ್ವ

ನಾನು ಬಿ.ಎ. ಪಾಸು ಮಾಡಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಗಿದ್ದರೂ ನಾಲ್ಕು ಮಾತಿನೊಳಗೆ ಎಲ್ಲಾದರೂ ತುರುಕಿಯೇ ತುರುಕುತ್ತೇನೆ. ಕೊತ್ತತ್ತಿಯ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸ್ಲೇಟು ಹಿಡಿದವರೇ ಇಲ್ಲ. ಹಾಗಾಗಿ ಆ ಎರಡಕ್ಷರವನ್ನು ಹೊಸ ಕೋಟಿನ ಹಾಗೆ ಬಿಸಿಲಿರಲಿ ಮಳೆಯಿರಲಿ ತೊಟ್ಟುಕೊಂಡೇ ಓಡಾಡುತ್ತಿದ್ದೆ. ಅಂಥ ನಾನು ಒಂದು ದಿನ ಮದ್ದೂರಿನ ಹೋಟೆಲಿನಲ್ಲಿ, ಒಂದು ವಡೆಯ ಮುಂದೆ, ಬಾಯಿ ಬಿಡಲಾರದೆ ಕುಳಿತಿದ್ದೆ. ಅದನ್ನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಕಂಟ್ರೋಲು. ಮದ್ದೂರಿನ ಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮದುವೆಯಾಗಿರಲಿಲ್ಲ. ಬಾಡಿಗೆ ಮನೆಯೊಂದು ಸಿಕ್ಕಿದ ಮೇಲೆ ನನಗೆ ಇದ್ದದ್ದು ಒಂದೇ ಹಟ: ಅಣ್ಣನ ಮನೆಯಲ್ಲಿದ್ದ ಅವ್ವ ಬಂದು ನನ್ನ ಜೊತೆ ಇರಬೇಕು, ನನ್ನ ದುಡಿಮೆಯ ಅನ್ನ ಉಣ್ಣಬೇಕು. ಆರು ತಿಂಗಳು ಕಾಡಿದ ಮೇಲೆ ಅವ್ವ ಒಪ್ಪಿದಳು, ಷರತ್ತು ಹಾಕಿ. "ನಾಕ್ ದಿನ ಇದ್ದು ನೋಡ್ತೀನಿ. ನಿಮ್ ಪ್ಯಾಟೆ ನಂಗೆ ಒಗ್ಗುದ್ರೆ ಇರ್ತೀನಿ, ಇಲ್ದೆ ಓದ್ರೆ ಓಯ್ತೀನಿ."

ಅವ್ವ ದೊಡ್ಡಾಳು. ನಮ್ಮೂರಲ್ಲಿ ಈ ಮಾತನ್ನು ಬಿರುದಿನ ಹಾಗೆ ಹೇಳುತ್ತಾರೆ. ಹೆಣ್ಣು ನೋಡಲು ಹೋದವರು 'ಮೈಕೈ ತುಂಬ್ಕೊಂಡವ್ಳೆ' ಎಂದರೆ ಮದುವೆ ಅರ್ಧ ಮುಗಿದಂತೆ. ಕಂಡವರ ಮನೆಯ ರಾಗಿ ಬೀಸಿ, ಕಬ್ಬಿನ ಸೋಗೆಯ ಹೊರೆ ಹೊತ್ತು ನನ್ನನ್ನು ಓದಿಸಿದ ಮೈ ಅದು. ಆದರೆ ಉಣ್ಣುವಾಗ ಮಾತ್ರ ಮೈಯ ಮಾತು ಎತ್ತಕೂಡದು. ದೃಷ್ಟಿ ತಗಲುತ್ತದೆಂದು ಬಾಗಿಲು ಮುಂದಕ್ಕೆಳೆದುಕೊಂಡು ಊಟಕ್ಕೆ ಕೂರುವ ಊರು ನಮ್ಮದು. ಆ ಹೊತ್ತಿಗೆ ಬಂದ ನೆಂಟರು ಕೂಡ ಜಗಲಿಯ ಮೇಲೆ ಕೂತು ಬೀದಿಯ ಕಡೆ ಮುಖ ಮಾಡುತ್ತಾರೆ.

ಎರಡನೆಯ ದಿನ ಅವ್ವನನ್ನು ಹೋಟೆಲಿಗೆ ಕರೆದುಕೊಂಡು ಹೋದೆ. ಅವಳ ಜೀವಮಾನದಲ್ಲಿ ಅದೇ ಮೊದಲು. ಬೇರೆ ಹೋಟೆಲುಗಳಲ್ಲಿ ಜಾತಿ ನೋಡಿ ಒಳಕೋಣೆ, ಹೊರಕೋಣೆ ಎಂದು ಕೂರಿಸುತ್ತಿದ್ದರು. ಆ ಗೊಡವೆಯೇ ಬೇಡವೆಂದು ನಮ್ಮ ಕಡೆಯವರೇ ಆದ ಸಿದ್ದೇಗೌಡರ ಹೋಟೆಲನ್ನೇ ಆರಿಸಿಕೊಂಡೆ. ಜಾತಿಯ ಮಾತು ಬಂದರೆ ಏನು ಹೇಳಬೇಕೆಂದು ಕಾಲೇಜಿನ ದಿನದಿಂದಲೂ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಮೈಯ ಮಾತಿಗೆ ನನ್ನ ಹತ್ತಿರ ಯಾವ ಪಾಠವೂ ಇರಲಿಲ್ಲ.

ಅಲ್ಲಿ ತಿಂಡಿ ತಂದುಕೊಡುತ್ತಿದ್ದವನು ಪುಟ್ಟಸ್ವಾಮಿ. ಮಳವಳ್ಳಿ ಕಡೆಯವನು, ಐವತ್ತರ ಆಸುಪಾಸು, ಕಡ್ಡಿಯಂಥ ಮೈ, ತಮಟೆಯಂಥ ಗಂಟಲು. ಮೇಜುಗಳಿಗೆ ನಂಬರಿರಲಿಲ್ಲವಾದ್ದರಿಂದ ಕೂತವರ ಗುರುತು ಹಿಡಿದು ಒಳಕ್ಕೆ ಕೂಗುವುದು ಅವನ ಪದ್ಧತಿ. "ಕೆಂಪು ಪೇಟಕ್ಕೆ ಒಂದು ಕಾಪಿ!" "ಬೋಳು ತಲೆಗೆ ಎಲ್ಡು ವಡೆ!" ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ? ನನ್ನನ್ನು ಅವನು 'ಬಿಯೇ ಮೇಷ್ಟ್ರು' ಎಂದು ಕೂಗುತ್ತಿದ್ದ. ಅದನ್ನು ಕೇಳುವುದಕ್ಕೇ ಕೆಲವು ಸಲ ಹಸಿವಿಲ್ಲದೆಯೂ ಹೋಗುತ್ತಿದ್ದೆ.

ಅವ್ವ ವಡೆ ಮುರಿದು ಅರ್ಧ ಬಾಯಿಗಿಟ್ಟಿದ್ದಳು. ಪುಟ್ಟಸ್ವಾಮಿ ಅವಳನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ಕೂಗಿದ: "ಗೋಡಾನಮ್ಮಂಗೆ ಇನ್ನೊಂದು ವಡೆ!" ಜನ ನಕ್ಕರು. ಅವನಿಗೆ ಉಮೇದು ಬಂತು. "ರೇಸನ್ ಕಾಲ್ದಲ್ಲಿ ನಾವೆಲ್ಲ ಒಣ್ಗಿ ಕಡ್ಡಿ ಆಗಿದ್ದೀವಿ. ನೀನು ಈಟ್ ಮೈಯ ಎಲ್ಲಿಂದ ತಂದೆ ಕಣಮ್ಮ? ಸರ್ಕಾರದ ಅಕ್ಕಿ ಎಲ್ಲಾ ಇಲ್ಲೇ ಅದೆ ಕಣ್ರಪ್ಪೋ!"

ಮೂಲೆಯಿಂದ ಯಾರೋ ಸೇರಿಸಿದರು. "ಅಮಲ್ದಾರ್ರಿಗೆ ಯೋಳಿ ಕಳ್ಸ್ರಲಾ, ಬಂದು ಸೀಲ್ ಆಕ್ಲಿ!"

ಕಿವಿಗೆ ಬಿಸಿ ಕಾಫಿ ಹೊಯ್ದಂತಾಯಿತು. ಎದ್ದು ಏನಾದರೂ ಹೇಳಬೇಕು. ಆದರೆ ಬಾಯಿಗೆ ಬಂದದ್ದೆಲ್ಲ ಇಂಗ್ಲಿಷು. ಅದರಲ್ಲೂ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತೆ. ತಿದ್ದಿ ಮುಗಿಯುವಷ್ಟರಲ್ಲಿ ಅವ್ವ ಲೋಟದ ನೀರಲ್ಲಿ ಕೈ ತೊಳೆದು, ಅರ್ಧ ವಡೆಯ ಮೇಲೆ ಎಲೆ ಮಡಚಿ ಎದ್ದು ನಿಂತಿದ್ದಳು. "ನಡಿ ಮಗ."

ದಾರಿಯಲ್ಲಿ ಒಂದೇ ಮಾತು. "ತಿನ್ನಾಕೆ ಕೂತಿರೋರ ಮೈ ಎಣ್ಸೋ ಊರು ನಂಗೆ ಬ್ಯಾಡ ಕಣ್ಲಾ." ಮಾರನೆಯ ಬೆಳಿಗ್ಗೆಯ ಗಾಡಿಗೆ ಹೊರಟೇಹೋದಳು.

ನಾನು ಯೋಚನೆ ಮಾಡುತ್ತ ಕುಳಿತೆ. ನಮ್ಮ ಜನಕ್ಕೆ ಇದು ಹೇಗೆ ನಗುವ ಸಂಗತಿಯಾಯಿತು? ಮೊದಲ ಪೂಜೆ ಯಾರಿಗೆ ಮಾಡುತ್ತೇವೆ? ಡೊಳ್ಳು ಹೊಟ್ಟೆಯವನಿಗೆ. ಆ ಹೊಟ್ಟೆಯನ್ನು ನೋಡಿಯೂ ಮತ್ತೆ ಇಪ್ಪತ್ತೊಂದು ಕಡುಬು ಇಡುತ್ತೇವೆಯೇ ಹೊರತು ಎಲ್ಲಿಂದ ತಂದೆಯಪ್ಪ ಎಂದು ಕೇಳಿದವರಿಲ್ಲ. ಹಳೆಯ ಕವಿಗಳಂತೂ ಹೆಣ್ಣಿನ ನಡಿಗೆಗೆ ಆನೆಯನ್ನೇ ಹಿಡಿದು ತಂದರು. ಕಾಲೇಜಿನಲ್ಲಿ ಆ ಉಪಮೆಯನ್ನು ಬಿಡಿಸಿ ಬರೆದು ನಾನು ಒಳ್ಳೆಯ ನಂಬರು ತೆಗೆದಿದ್ದೆ. ಆನೆಯ ನಡಿಗೆಯವಳು ಪದ್ಯ ಬಿಟ್ಟು ಹೋಟೆಲಿಗೆ ಬಂದರೆ ಏನು ಮಾಡಬೇಕೆಂದು ಮಾತ್ರ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ.

ಕೊನೆಗೆ ಬಿ.ಎ. ಮಾಡುವ ಕೆಲಸವನ್ನೇ ಮಾಡಿದೆ. ಸಿದ್ದೇಗೌಡರಿಗೆ ಇಂಗ್ಲಿಷಿನಲ್ಲಿ ಒಂದು ಪುಟದ ದೂರು ಬರೆದೆ. 'ದಪ್ಪ' ಎನ್ನುವುದಕ್ಕೆ ನಿಘಂಟಿನಿಂದ ಒಂದು ಭಾರೀ ಮಾತನ್ನು ಹೆಕ್ಕಿದೆ. ಕೆಳಗೆ ರುಜು ಹಾಕಿ, ಬಿ.ಎ. ಎಂಬುದರ ಅಡಿಯಲ್ಲಿ ಎರಡು ಗೆರೆ ಎಳೆದೆ. ಗೌಡರಿಗೆ ಇಂಗ್ಲಿಷಿರಲಿ, ಕನ್ನಡವೂ ತಡವರಿಸುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಅವರು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಪೆಟ್ಟು ಸರಿಯಾಗಿ ತಗುಲಿತು ಎಂದುಕೊಂಡು ತಿರುಗಿ ನೋಡದೆ ಬಂದೆ. ಆಮೇಲೆ ಮೂರು ತಿಂಗಳು ಆ ಕಡೆ ಕಾಲಿಡಲಿಲ್ಲ.

ಒಂದು ಭಾನುವಾರ ಅವ್ವ ತಾನಾಗಿ ಬಂದಳು. ಮುಖ ಅರಳಿತ್ತು. "ಲೇ, ನೀ ಬರ್ದಿರೋ ಕಾಗ್ದಕ್ಕೆ ಗಾಜಾಕ್ಸಿ ಆ ಓಟ್ಲಲ್ಲಿ ನೇತಾಕವ್ರಂತಲ್ಲಾ? ದುದ್ದದ ಸಂತೇಲಿ ಯಾರೋ ಅಂದ್ರಂತೆ. ನಮ್ಮೂರ ತುಂಬ ಅದೇ ಮಾತು. ತೋರ್ಸು ನಡಿ."

ಏನೇನೋ ನೆಪ ಹೇಳಿದೆ. ಅವ್ವ ಆಗಲೇ ಬೀದಿಗಿಳಿದಿದ್ದಳು.

ಹೌದು, ನೇತಾಡುತ್ತಿತ್ತು. ಮಹಾರಾಜರ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿ, ಮೇಲೆ ಒಂದು ಮೊಳ ಸೇವಂತಿಗೆ. "ಬನ್ನಿ ಮೇಷ್ಟ್ರೇ! ನೀವು ಕೊಟ್ಟ ಸರ್ಟಿಪಿಕೇಟ ನೋಡಾಕೇಂತ್ಲೇ ಜನ ಬತ್ತಾವ್ರೆ" ಎಂದರು ಸಿದ್ದೇಗೌಡರು. ಇಂಗ್ಲಿಷು ಬಲ್ಲ ನಾಲ್ಕು ಜನವಾದರೂ ಅದನ್ನು ಓದಿರಲೇಬೇಕು. ಓದಿ, ಮುಸಿಮುಸಿ ನಕ್ಕು, ಕಾಫಿ ಕುಡಿದು ಎದ್ದುಹೋಗಿದ್ದಾರೆ. ಅವರೂ ಪದವೀಧರರೇ ಇರಬೇಕು.

ಅವ್ವ ಕತ್ತೆತ್ತಿ ನೋಡಿದಳು. "ಏನ್ ಬರ್ದಿದ್ದೀಯ? ಓದಿ ಯೋಳು."

ಗೊಣಗಿದೆ. "ಸ್ಥೂಲಕಾಯರಾದ ನನ್ನ ತಾಯಿಯವರನ್ನು..."

"ಅಂಗಂದ್ರೆ?"

"ದಪ್ಪ ಇರೋ ನಮ್ಮವ್ವನ್ನ... ಗೋಡಾನು ಅಂದ್ರು ಅಂತ..."

ಅವ್ವ ಗೋಡೆಯಿಂದ ಕಣ್ಣಿಳಿಸಿ ನನ್ನನ್ನು ನೋಡಿದಳು. "ಅವ್ನು ಅಂದಿದ್ದು ಆ ಗಳ್ಗೆಗೆ ಓಯ್ತು. ನೀನು ಗಾಜಾಕಿ ಮಡಗ್ಸಿದೀಯಲ್ಲಲಾ! ಆವತ್ತೇ ಬಾಯ್ ಬುಟ್ಟು ಒಂದ್ ಮಾತ್ ಅಂದಿದ್ರೆ ಆಯ್ತಿರ್ನಿಲ್ವಾ?" ಎಂದು, ಹೆಗಲ ಮೇಲಿನ ಸೆರಗನ್ನು ಎಳೆದು ಮೈತುಂಬ ಹೊದ್ದುಕೊಂಡಳು. ಅವ್ವ ತನ್ನ ಮೈಯನ್ನು ಜನರಿಂದ ಮರೆಮಾಡಿಕೊಂಡದ್ದನ್ನು ನಾನು ಅದೇ ಮೊದಲು ಕಂಡದ್ದು. ಪುಟ್ಟಸ್ವಾಮಿಯ ಮಾತಿಗೆ ಆಗಿರದ ಕೆಲಸ ನನ್ನ ಕಾಗದದಿಂದ ಆಯಿತು.

ಬೆಂಚು ಹತ್ತಿ ಆ ಕಟ್ಟನ್ನು ಕೆಳಗಿಳಿಸಿದೆ. "ಪುಟ್ಟಸ್ವಾಮಿ, ಆವತ್ತು ನೀನು ನಮ್ಮವ್ವನ ಮೈ ನೋಡಿ ಆಡ್ದಲ್ಲ, ಅದು ತಪ್ಪು ಕಣಯ್ಯ. ಅರ್ಧ ತಿಂದಿದ್ದು ಬುಟ್ಟು ಎದ್ದೋದ್ಳು. ಇದ್ರಲ್ಲಿ ಬರ್ದಿರೋದು ಅದೇಯ." ಇಷ್ಟೇ ಮಾತು. ಮೂರು ತಿಂಗಳು ಬೇಕಾಯಿತು.

ಪುಟ್ಟಸ್ವಾಮಿಯ ಬಾಯಿ ತೆರೆದೇ ನಿಂತಿತು. "ಅಯ್ಯೋ ಸಿವನೇ! ದಿನಾ ಬೆಳಿಗ್ಗೆ ನಾನೇ ಅಲ್ವಾ ಆ ಗಾಜ ಒರಸ್ತಿದ್ದೋನು!" ಆಮೇಲೆ ದನಿ ತಗ್ಗಿತು. "ನಾನು ಎಲ್ರುನ್ನೂವೆ ಅಂಗೇ ಕೂಗೋದು ಮೇಷ್ಟ್ರೇ. ಒಬ್ರಾದ್ರೂ ಬ್ಯಾಡ ಅಂದಿರ್ನಿಲ್ಲ. ತಪ್ಪಾಯ್ತು ಕಣವ್ವ. ಕೂತ್ಕೊ. ಇನ್ಮೇಲೆ ಮೇಷ್ಟ್ರವ್ವ ಅಂತೀನಿ."

"ಅದ್ಯಾಕೆ? ನಂಗೂ ಒಂದ್ ಎಸ್ರದೆ" ಎಂದಳು ಅವ್ವ. "ಕೆಂಪಮ್ಮ."

ನಾನು ಕೈಯಲ್ಲಿದ್ದ ಕಟ್ಟಿನೊಳಕ್ಕೆ ಕಣ್ಣಾಡಿಸಿದೆ. ಅವಳ ಮಾನ ಕಾಯಲೆಂದು ಬರೆದ ಕಾಗದ. ಅದರಲ್ಲಿ ನನ್ನ ಹೆಸರು ಎರಡು ಕಡೆ ಇತ್ತು. ಅವಳ ಗಾತ್ರ ಮೂರು ಕಡೆ ಇತ್ತು. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

"ಕೆಂಪಮ್ಮೋರಿಗೆ ಎಲ್ಡು ವಡೆ!" ಪುಟ್ಟಸ್ವಾಮಿ ಒಳಕ್ಕೆ ಕೂಗಿದ. ಯಾರೂ ನಗಲಿಲ್ಲ. ಅವ್ವ ಸೆರಗು ಸಡಿಲಿಸಿ, ಎಲೆ ಹತ್ತಿರಕ್ಕೆಳೆದುಕೊಂಡು ಒಂದು ಚೂರು ಮುರಿದು ಬಾಯಿಗಿಟ್ಟಳು.

"ಉಪ್ಪು ಕಮ್ಮಿ ಕಣಪ್ಪ" ಎಂದಳು, ಇಡೀ ಹೋಟೆಲಿಗೆ ಕೇಳುವಂತೆ. ಆಮೇಲೆ ನನ್ನ ಕಡೆ ತಿರುಗಿ, "ನಾಳಿಕೆ ಊರಿಗೆ ಯೋಳ್ ಕಳ್ಸು, ನನ್ ಬಟ್ಟೆ ಗಂಟ ತರ್ಲಿ" ಎಂದಳು. ಈ ಎರಡು ಸಂಗತಿ ಹೇಳಲು ಅವಳಿಗೆ ಯಾವ ಕಾಗದವೂ ಬೇಕಾಗಲಿಲ್ಲ.